ಒಂದು ನಾಣ್ಯದಷ್ಟು ಆಟ

ಫೆಬ್ರವರಿ ೬

ಮೊಂಡಿ,

ನಾನು ಚೆನ್ನಾಗಿದ್ದೇನೆ, ನೀನೂ ಚೆನ್ನಾಗಿದ್ದೀಯೆಂದು ನಂಬಿದ್ದೇನೆ ಎಂದು ಶುರು ಮಾಡಬೇಕಂತೆ. ಎರಡೂ ಖಾತ್ರಿಯಿಲ್ಲದ ಮಾತು, ಅದಕ್ಕೇ ಬಿಟ್ಟೆ. ನೀನು ಮನೆ ಬಿಟ್ಟು ಹೋದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಬೀಗಬೇಡ, ನಿನ್ನ ನೆನಪಾಗಿ ಬರೆದದ್ದಲ್ಲ. ಗಾಡಿ ಕೆಟ್ಟಿದೆ.

ಕಲ್ಲುಗಣಿಯ ಏರು ನಿನಗೆ ಗೊತ್ತಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಹೊಂಡ, ಮಧ್ಯೆ ಲಾರಿ ಬಂದರೆ ಹೊಟ್ಟೆ ಒಳಗೆಳೆದುಕೊಂಡು ನಿಲ್ಲಬೇಕು. ವಾರಕ್ಕೊಮ್ಮೆ ಬೈಕಿನಲ್ಲಿ ಅದನ್ನು ಹತ್ತಿ ಮೇಲಿನ ಸಾಲುಮನೆಗಳ ಬಸುರಿಯರನ್ನು ನೋಡಿ ಬರಬೇಕು. ಈಗೀಗ ಗಾಡಿ ಅರ್ಧ ಏರಿಗೆ ಕೈಕೊಡುತ್ತಿದೆ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ ಮುಂದೆ ಹೋಗುವುದಿಲ್ಲ. ಹಾಗೆಂದು ನಿಂತುಬಿಡುವುದೂ ಇಲ್ಲ. ಸಂಬಳ ಸಿಗದ ಆಳಿನ ಹಾಗೆ ಕಾಲೆಳೆಯುತ್ತದೆ. ಹೋದ ವಾರ ನಾಲ್ಕು ಮಾರು ಹಿಂದಕ್ಕೆ ಜಾರಿತು. ಇಳಿದು ತಳ್ಳಿಕೊಂಡು ಹೋದೆ.

ನನಗೆ ಭಯವಾಗುತ್ತಿದೆ. ರಕ್ತ ಕಂಡು ಹೆದರದವಳು, ನಿನ್ನನ್ನು ಹೆತ್ತು ಮೂರನೇ ವಾರಕ್ಕೆ ಡ್ಯೂಟಿಗೆ ಹೋದವಳು, ಒಂದು ಏರಿಗೆ ಹೆದರುತ್ತಿದ್ದೇನೆ. ಗಣಿಗೆ ಹೋಗುವ ದಿನ ಬೆಳಿಗ್ಗೆ ಗಾಡಿಯನ್ನು ಎರಡೆರಡು ಸಲ ಒರೆಸಿ ಹೊತ್ತು ತಳ್ಳುತ್ತೇನೆ.

ಹೋಗದೆ ಇರೋಣವೆಂದರೆ, ಮೇಲಿನ ಕೊನೆಯ ಮನೆಯಲ್ಲಿ ಕಲ್ಲು ಒಡೆಯುವವನ ಹೆಂಡತಿಗೆ ಏಳು ತಿಂಗಳು. ಮೊದಲ ಮಗು ಹೊಟ್ಟೆಯಲ್ಲೇ ಹೋಯಿತು. ಆಗ ಅವಳನ್ನು ನೋಡಲು ಯಾರೂ ಹೋಗಿರಲಿಲ್ಲ. ಈ ಸಲ ನಾನಿದ್ದೇನೆ ಎಂದು ಅವಳ ಕೈ ಹಿಡಿದು ಹೇಳಿದ್ದೇನೆ. ಆಸ್ಪತ್ರೆಯ ಜೀಪು ಡಾಕ್ಟರ ಜೊತೆ ಸುತ್ತುತ್ತಿರುತ್ತದೆ, ಸಿಕ್ಕಿದ ದಿನ ಪುಣ್ಯ. ಇಲ್ಲಿ ರಿಪೇರಿಗೆಂದರೆ ಸೈಕಲ್ ಅಂಗಡಿಯವನೊಬ್ಬ. ಅವನಿಗೆ ಪಂಕ್ಚರ್ ಬಿಟ್ಟರೆ ಬೇರೆ ಲೋಕವಿಲ್ಲ.

ಏನಾಗಿರಬಹುದೆಂದು ಬರಿ. ಆಸ್ಪತ್ರೆಗೆ ಫೋನ್ ಮಾಡಬೇಡ, ಅಲ್ಲಿ ಮಾತಾಡಲು ಆಗುವುದಿಲ್ಲ.

ಅಮ್ಮ


ಫೆಬ್ರವರಿ ೧೪

ಅಮ್ಮ,

ಶೆಡ್ಡಿನಲ್ಲಿ ಹಳೇ ಟೈರಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕಾಗದದ ಅಂಚಿಗೆ ಎಣ್ಣೆ ಮೆತ್ತಿದೆ. "ಎಣ್ಣೆ ಕೈ ಇಟ್ಕೊಂಡು ಈ ಹೊಸಿಲು ತುಳೀಬೇಡ" ಎಂದು ನೀನು ಹೇಳಿದ್ದೆ. ನಾನು ತುಳಿದಿಲ್ಲ. ಕಾಗದ ತುಳಿದರೆ ತಪ್ಪಿಲ್ಲವಲ್ಲ.

ಫೋನ್ ಮಾಡಬೇಡ ಎಂದು ನೀನು ಬರೆಯಬೇಕಾಗಿರಲಿಲ್ಲ. ಮೂರು ಸಲ ಮಾಡಿ ಬುದ್ಧಿ ಕಲಿತಿದ್ದೇನೆ. ರೂಮು ಸಿಕ್ಕಿತು ಅಂದೆ, ನೀನು ಹೂಂ ಅಂದೆ. ಮೇಸ್ತ್ರಿ ನನ್ನ ಕೈಗೆ ಎಂಜಿನ್ ಕೆಲಸ ಕೊಟ್ಟರು ಅಂದೆ, ಹೂಂ. ಜ್ವರ ಬಂದು ಮಲಗಿದ್ದೆ ಅಂದರೂ ಹೂಂ. ನರ್ಸ್ ಆಗದೆ ಮೆಕ್ಯಾನಿಕ್ ಆದ ಮಗಳಿಗೆ ಅಷ್ಟೇ ಸಾಕು ಎಂದುಕೊಂಡೆಯೇನೋ. ಇರಲಿ.

ಗಾಡಿ ವಿಷಯ. ಏರು ಹತ್ತದಿರುವುದಕ್ಕೆ ಎರಡು ಕಾರಣ ಇರಬಹುದು. ಎಂಜಿನ್‌ಗೇ ಶಕ್ತಿ ಇಲ್ಲ, ಅಥವಾ ಶಕ್ತಿ ಇದೆ, ಚಕ್ರಕ್ಕೆ ಮುಟ್ಟುತ್ತಿಲ್ಲ. ಎಂಜಿನ್‌ಗೂ ಚಕ್ರಕ್ಕೂ ನಡುವೆ ಕ್ಲಚ್ ಇದೆ. ಅದರೊಳಗೆ ತಟ್ಟೆಯಂಥ ಪ್ಲೇಟುಗಳು ಒಂದನ್ನೊಂದು ಒತ್ತಿ ಹಿಡಿದುಕೊಂಡಿರುತ್ತವೆ. ಆ ಹಿಡಿತ ಹೋದರೆ ಎಂಜಿನ್ ತನ್ನಷ್ಟಕ್ಕೆ ತಿರುಗುತ್ತದೆ, ಚಕ್ರ ತನ್ನಷ್ಟಕ್ಕೆ ಇರುತ್ತದೆ. ನಾವು ಅದಕ್ಕೆ ಕ್ಲಚ್ ಜಾರುತ್ತಿದೆ ಅನ್ನುತ್ತೇವೆ.

ಯಾವುದು ಅಂತ ಶಬ್ದವೇ ಹೇಳುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದಾಗ ಎಂಜಿನ್ ಗುಂಯ್ ಎಂದು ಕೂಗಿಕೊಂಡು ಗಾಡಿ ಮಾತ್ರ ಅಲ್ಲೇ ಇದ್ದರೆ ಕ್ಲಚ್. ಶಬ್ದವೂ ಏರದೆ ಬುಡುಬುಡು ಎಂದು ಸೊರಗಿದರೆ ಎಂಜಿನ್. ಎರಡರಲ್ಲಿ ಯಾವುದು? ಸರಿಯಾಗಿ ಕೇಳಿಸಿಕೊಂಡು ಬರಿ. ಅದು ಗೊತ್ತಾಗುವ ತನಕ ಲಾರಿಗಳು ಓಡಾಡುವ ಹೊತ್ತಿನಲ್ಲಿ ಆ ಏರಿಗೆ ಹೋಗಬೇಡ. ನಾಲ್ಕು ಮಾರು ಜಾರಿತು ಎಂದು ಓದಿ ನನಗೆ ಊಟ ಸೇರಲಿಲ್ಲ.

ನಿನ್ನ ಮಗಳು


ಫೆಬ್ರವರಿ ೨೨

ಮೊಂಡಿ,

ನಿನಗೆ ಜ್ವರ ಬಂದಿತ್ತೇ? ಯಾವಾಗ? ಎಷ್ಟು ದಿನ? ಯಾಕೆ ಹೇಳಲಿಲ್ಲ?

ಗಾಡಿಯ ಶಬ್ದ ಮಾಮೂಲಾಗಿದೆ. ಏರುವುದಿಲ್ಲ. ನೀನು ಬರೆದ ಗುಂಯ್ ಇಲ್ಲ.

ಲಾರಿ ಹೊತ್ತು ತಪ್ಪಿಸಿ ಮಧ್ಯಾಹ್ನ ಹೋದೆ. ಬಿಸಿಲಿಗೆ ಬಂಡೆ ಕಾದು ಮುಖಕ್ಕೆ ರಾಚುತ್ತಿತ್ತು. ಹಿಂದೆ ಏನು ಬರುತ್ತಿದೆಯೋ ಎಂದು ಕತ್ತು ತಿರುಗಿಸಿ ತಿರುಗಿಸಿ ನೋಡಿ ಕುತ್ತಿಗೆ ಹಿಡಿದುಕೊಂಡಿದೆ. ಎಡಗೈ ಬೆರಳುಗಳಂತೂ ಕ್ಲಚ್ ಹಿಡಿಯನ್ನು ಬಿಡುವುದೇ ಇಲ್ಲ, ಯಾವಾಗ ಬೇಕಾದರೂ ಹಿಡಿಯಬೇಕಾದೀತು ಎಂಬ ಹೆದರಿಕೆ. ಮನೆಗೆ ಬಂದ ಮೇಲೂ ಬೆರಳು ಹಾಗೇ ಮಡಿಚಿಕೊಂಡಿರುತ್ತವೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ತಪ್ಪು ಗಾಡಿಯದೋ ನನ್ನದೋ ಎಂದು ಒಂದೊಂದು ಸಲ ಅನುಮಾನ.

ಕಲ್ಲು ಒಡೆಯುವವನ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಅಲ್ಲಿ ಹೆಂಗಸರೆಲ್ಲ ಕಲ್ಲಿನ ಧೂಳಿಗೆ ಮೂಗು ಬಾಯಿ ಮುಚ್ಚಿ ಬಟ್ಟೆ ಕಟ್ಟಿಕೊಂಡಿರುತ್ತಾರೆ, ಮನೆಯೊಳಗೂ ಬಿಚ್ಚುವುದಿಲ್ಲ. ಕಣ್ಣು ಮಾತ್ರ ಕಾಣುತ್ತದೆ. ಆ ಕಣ್ಣು ನನ್ನನ್ನು ನೋಡುವ ರೀತಿಗೆ ನನಗೆ ಇನ್ನೂ ಹೆದರಿಕೆ.

ಏನು ಮಾಡಬೇಕೆಂದು ಬೇಗ ತಿಳಿಸು.

ಅಮ್ಮ


ಮಾರ್ಚ್ ೧

ಅಮ್ಮ,

ಜ್ವರದ ವಿಷಯ ಫೋನಿನಲ್ಲೇ ಹೇಳಿದ್ದೆ. ನೀನು ಕಿವಿಗೆ ಹಾಕಿಕೊಳ್ಳಲಿಲ್ಲ. ಚಿಕ್ಕಂದಿನಿಂದ ನನ್ನನ್ನು ಬೈದ ಮಾತು ಇದು, ಈಗ ವಾಪಸ್ ಕೊಡುತ್ತಿದ್ದೇನೆ. ಈಗ ಆರಾಮಾಗಿದ್ದೇನೆ, ಚಿಂತೆ ಬೇಡ.

ಶಬ್ದ ಏರುವುದಿಲ್ಲ ಎಂದರೆ ಕ್ಲಚ್ ಅಲ್ಲ. ಎಂಜಿನ್ನೇ ಸೊರಗಿದೆ. ಕಲ್ಲಿನ ಧೂಳಿಗೆ ಏರ್ ಫಿಲ್ಟರ್ ಕಟ್ಟಿಕೊಂಡಿರುತ್ತದೆ, ಅದನ್ನು ಬಿಚ್ಚಿ ತೊಳೆ. ಪ್ಲಗ್ಗಿನ ಮಸಿ ಕೆರೆದು ಹಾಕು. ಪೆಟ್ರೋಲ್ ಬರುವ ಸಣ್ಣ ತೂತಿನಲ್ಲಿ ಕಸ ಇದ್ದರೆ ಬಾಯಿಂದ ಊದು. ಮೇಸ್ತ್ರಿಯನ್ನೂ ಕೇಳಿದೆ. ಕೂತಲ್ಲಿಂದ ಏಳದೆ "ಶಬ್ದ ಏರಲ್ಲ ಅಂದ್ರೆ ಅಷ್ಟೇ ಕಣಮ್ಮ, ಇನ್ನೇನಿದೆ" ಅಂದರು.

ಭಯ ಬಿಡು ಅಮ್ಮ. ಗಾಡಿಗೆ ಬಂದ ಕಾಯಿಲೆಗೆಲ್ಲ ಮದ್ದಿದೆ.

ನಿನ್ನ ಮಗಳು

ಮರೆತಿದ್ದೆ: ಕ್ಲಚ್ ಹಿಡಿಯಲ್ಲಿ ಆಟ ಇದೆಯಾ ಅಂತಲೂ ಒಂದು ಸಲ ನೋಡಿಬಿಡು.


ಮಾರ್ಚ್ ೧೧

ಮೊಂಡಿ,

ನಾನು ಬದುಕಿದ್ದೇನೆ. ಮೊದಲು ಅದನ್ನು ಓದಿಕೊ, ಆಮೇಲೆ ಉಳಿದದ್ದು.

ನೀನು ಹೇಳಿದ್ದೆಲ್ಲ ಮಾಡಿದೆ. ಫಿಲ್ಟರ್ ತೊಳೆದೆ, ಪ್ಲಗ್ ಕೆರೆದೆ. ಕ್ಲಚ್ ಹಿಡಿ ನೋಡಿದರೆ ನೀನು ಅನುಮಾನಪಟ್ಟಂತೆ ಆಟ ಇತ್ತು. ಒಂದಿಷ್ಟು ಸಡಿಲವಾಗಿ ಲೊಡಲೊಡ ಆಡುತ್ತಿತ್ತು. ಸೈಕಲ್ ಅಂಗಡಿಯವನ ಹತ್ತಿರ ಹೋಗಿ ಬಿಗಿ ಮಾಡಿಸಿದೆ. "ಈಗ ನೋಡಿ ಅಮ್ಮಾ, ಒಂದು ಕೂದಲೆಳೆ ಆಟ ಇಲ್ಲ" ಅಂದ. ಖುಷಿಯಾಗಿ ಮನೆಗೆ ಬಂದೆ.

ನಿನ್ನೆ ಏರಿಗೆ ಹೋದೆ. ಅರ್ಧ ದಾರಿಗೂ ಮುಂಚೆಯೇ ಗಾಡಿ ಸೋತುಹೋಯಿತು. ಎಷ್ಟು ತಿರುಗಿಸಿದರೂ ಇಲ್ಲ. ಹಿಂದಕ್ಕೆ ಜಾರತೊಡಗಿತು. ಬ್ರೇಕ್ ಒತ್ತಿದರೆ ಜಲ್ಲಿಯ ಮೇಲೆ ಚಕ್ರ ಎಳೆದುಕೊಂಡು ಹೋಯಿತು. ಕತ್ತು ತಿರುಗಿಸಿದರೆ ಲಾರಿಯ ಮೂತಿ ನನ್ನ ಬೆನ್ನಿಗಿತ್ತು. ಎಷ್ಟು ಹತ್ತಿರವೆಂದರೆ ಅದರ ಮೇಲಿನ ಬಿಸಿ ನನ್ನ ಕುತ್ತಿಗೆಗೆ ತಾಗಿತು. ನಾನು ಗಾಡಿಯನ್ನು ಬಂಡೆಯ ಕಡೆ ಕೆಡವಿ ಅದರ ಮೇಲೆಯೇ ಬಿದ್ದೆ. ಹೊಂಡದ ಕಡೆ ಬಿದ್ದಿದ್ದರೆ ಈ ಕಾಗದ ಇರುತ್ತಿರಲಿಲ್ಲ.

ಡ್ರೈವರ್ ಇಳಿದು ಬಂದು ಕೈ ಬೀಸಿಕೊಂಡು ಬೈದ. ಹಾರನ್ ಹಾಕದೆ ಬಂದವನು ಅವನು, ಬೈಸಿಕೊಂಡವಳು ನಾನು. ಕ್ಲೀನರ್ ಮಾತ್ರ ಹಾರನ್ ತೋರಿಸಿ, ಕೆಳಗಿನಿಂದಲೂ ಒತ್ತಿಕೊಂಡೇ ಬಂದೆವೆಂದು ಸನ್ನೆ ಮಾಡಿದ. ಸುಳ್ಳರು.

ಮೊಣಕಾಲು ಸುಲಿದಿದೆ, ಬೇರೇನಿಲ್ಲ. ಗಾಡಿಯ ಬಲಗಡೆಯಿಂದ ಸುಟ್ಟ ವಾಸನೆ ಬರುತ್ತಿತ್ತು, ಇಸ್ತ್ರಿಪೆಟ್ಟಿಗೆಯ ಕೆಳಗೆ ಬಟ್ಟೆ ಮರೆತರೆ ಬರುವಂಥದ್ದು. ಗಾಡಿ ಅಲ್ಲೇ ಬಿಟ್ಟು ನಡೆದುಕೊಂಡು ಮೇಲೆ ಹೋಗಿ ಅವಳನ್ನು ನೋಡಿ ಬಂದೆ. ಬರುವಾಗ ಗಾಡಿಯನ್ನು ಇಳಿಜಾರಿನಲ್ಲಿ ಉರುಳಿಸಿಕೊಂಡು ಮನೆಗೆ ತಂದೆ. ಹತ್ತುವಾಗಿನದಕ್ಕಿಂತ ದೊಡ್ಡ ಹೆದರಿಕೆ ಹೊತ್ತು ಇಳಿದೆ. ಯಾಕೆಂದು ಕೇಳಬೇಡ.

ಅಮ್ಮ


ಮಾರ್ಚ್ ೧೪

ಅಮ್ಮ,

ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ. ನಿನ್ನ ಕಾಗದ ಓದಿ ಶೆಡ್ಡಿನ ನೆಲದ ಮೇಲೆ ಕೂತುಬಿಟ್ಟೆ. ಮೇಸ್ತ್ರಿ ನೀರು ತಂದುಕೊಟ್ಟರು.

ಮೊದಲು ನನ್ನ ತಪ್ಪು. ಆಟ ಇದೆಯಾ ನೋಡು ಎಂದರೆ, ಇರಬೇಕು, ಇದೆಯಾ ಎಂದು ನೋಡು ಅಂತ ಅರ್ಥ. ಇದ್ದರೆ ತೆಗೆದುಬಿಡು ಅಂತಲ್ಲ. ನಮ್ಮ ಮನೆಯಲ್ಲಿ ಕುರ್ಚಿಯ ಕಾಲು, ಬಾಗಿಲಿನ ಚಿಲಕ, ನನ್ನ ಹಾಲುಹಲ್ಲು, ಏನು ಆಡಿದರೂ ನೀನು ಬಿಟ್ಟವಳಲ್ಲ ಎಂಬುದು ನನಗೆ ನೆನಪಾಗಬೇಕಿತ್ತು. ಕ್ಲಚ್ ಹಿಡಿಗೆ ಆಟವಿಲ್ಲದಿದ್ದರೆ ಕೇಬಲ್ ಸದಾ ಎಳೆದುಕೊಂಡೇ ಇರುತ್ತದೆ. ನೀನು ಹಿಡಿ ಬಿಟ್ಟರೂ ಒಳಗೆ ಪ್ಲೇಟುಗಳು ಪೂರ್ತಿ ಕೂಡುವುದಿಲ್ಲ. ಬಿಗಿ ಮಾಡಿದಷ್ಟೂ ಜಾರುತ್ತದೆ. ನಾನು ಗೀಚಿದ ಒಂದು ಸಾಲು ನಿನ್ನನ್ನು ಲಾರಿಯ ಬಾಯಿಗೆ ಇಟ್ಟಿತು.

ಈಗಲೇ ಮಾಡು. ಹಿಡಿಯ ಬುಡದಲ್ಲಿ, ಕೇಬಲ್ ಒಳಗೆ ಹೋಗುವ ಕಡೆ, ಒಂದು ಗುಂಡು ತಿರುಪು ಇದೆ. ಅದನ್ನು ಒಳಗೆ ತಿರುಗಿಸು. ಹಿಡಿಯ ಬುಡದ ಸಂದಿಯಲ್ಲಿ ಒಂದು ನಾಣ್ಯ ತೂರುವಷ್ಟು ಆಟ ಬರಬೇಕು. ಓಡಿಸುವಾಗ ಎಡಗೈ ಬೆರಳು ಅದರ ಮೇಲೆ ಇಡಬೇಡ. ಮೊದಲು ಪ್ಲೇಟು ಸವೆದದ್ದೇ ಆ ಬೆರಳಿನಿಂದ. ಹೆದರಿ ಹೆದರಿ ನೀನು ಕ್ಲಚ್ಚನ್ನು ಅರ್ಧ ಹಿಡಿದುಕೊಂಡೇ ಓಡಿಸಿದ್ದೀಯ.

ಆ ಸುಟ್ಟ ವಾಸನೆ ಕ್ಲಚ್ಚಿನದು. ಅದರಲ್ಲಿ ಅನುಮಾನವೇ ಇಲ್ಲ. ಕ್ಲಚ್ ಅಷ್ಟು ಜಾರುವಾಗ ಎಂಜಿನ್ ಕೂಗದೆ ಇರಲು ಸಾಧ್ಯವಿಲ್ಲ ಅಮ್ಮ. ಏರೆಲ್ಲ ಕೇಳಿಸುವ ಹಾಗೆ ಕೂಗಿರುತ್ತದೆ. ಲಾರಿಯವರೂ ಸುಳ್ಳು ಹೇಳಿರಲಾರರು. ಜ್ವರ ಬಂತೆಂದು ಹೇಳಿದರೆ ಹೂಂ ಅನ್ನುವ ತಾಯಿ ನೀನಲ್ಲ.

ನಿನಗೆ ಕಿವಿ ಕೇಳಿಸುತ್ತಿಲ್ಲ, ಅಲ್ವಾ?

ನೀನು ಒಪ್ಪುವುದಿಲ್ಲ ಎಂದು ಗೊತ್ತು. ಅದಕ್ಕೆ ಎರಡು ಪರೀಕ್ಷೆ. ಒಂದು ಗಾಡಿಗೆ. ಮುಂದಿನ ಚಕ್ರ ಗೋಡೆಗೆ ತಾಗಿಸಿ, ಬ್ರೇಕ್ ಗಟ್ಟಿಯಾಗಿ ಹಿಡಿದು, ಕೊನೆಯ ಗೇರಿಗೆ ಹಾಕಿ ಕ್ಲಚ್ ಮೆಲ್ಲಗೆ ಪೂರ್ತಿ ಬಿಡು. ಕ್ಲಚ್ ಸರಿಯಿದ್ದರೆ ಎಂಜಿನ್ ಒಮ್ಮೆ ಮುಗ್ಗರಿಸಿ ನಿಂತುಹೋಗಬೇಕು. ನಿಲ್ಲದೆ ನಡುಗುತ್ತಲೇ ಇದ್ದರೆ ಪ್ಲೇಟು ಹೋಗಿದೆ. ಇದಕ್ಕೆ ಕಿವಿ ಬೇಡ, ಅಂಗೈ ಸಾಕು.

ಇನ್ನೊಂದು ನಿನಗೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ ಮೇಲೆ ಇಡು. ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತು. ನಾವು ಎಂಜಿನ್ನಿನ ಹೊಟ್ಟೆ ಕೇಳುವುದು ಹೀಗೆ. ನೀನು ಬಸುರಿಯರ ಹೊಟ್ಟೆಗೆ ಮರದ ಕೊಳವೆ ಇಟ್ಟು ಕೇಳುತ್ತಿದ್ದುದನ್ನು ನೋಡಿದ್ದವಳು ನಾನು, ಮೇಸ್ತ್ರಿ ಕಲಿಸುವ ಮೊದಲೇ ಇದು ಬಂದುಬಿಟ್ಟಿತ್ತು. ಮೂಳೆಯಿಂದ ಕೇಳಿಸಿತೋ ಇಲ್ಲವೋ ಬರಿ.

ನನಗೆ ತುಂಬ ಹೆದರಿಕೆಯಾಗುತ್ತಿದೆ ಅಮ್ಮ.

ಪುಟ್ಟಿ


ಮಾರ್ಚ್ ೧೭

ಪುಟ್ಟಿ,

ಗೋಡೆಗೆ ತಾಗಿಸಿ ನೋಡಿದೆ. ನಿಲ್ಲಲಿಲ್ಲ. ಅಂಗೈಯಲ್ಲಿ ನಡುಗುತ್ತಲೇ ಇತ್ತು.

ಸ್ಕ್ರೂಡ್ರೈವರ್ ಕಿವಿಯ ಹಿಂದೆ ಒತ್ತಿದೆ. ಕೇಳಿಸಿತು. ಅಷ್ಟು ದೊಡ್ಡ ಶಬ್ದ ಅದು, ನನಗೆ ಮರೆತೇ ಹೋಗಿತ್ತು. ಕೊಟ್ಟಿಗೆಯ ನೆಲದಲ್ಲಿ ಎಂಜಿನ್‌ಗೆ ತಲೆ ಕೊಟ್ಟು ಕೂತು ಅತ್ತೆ. ಪೆಟ್ರೋಲ್ ಖಾಲಿಯಾಗುತ್ತದೆ ಎಂದು ಆಮೇಲೆ ಎದ್ದೆ.

ಹೌದು. ಒಂದು ವರ್ಷದಿಂದ ಹೀಗೇ. ಮೊದಲು ಗಡಿಯಾರದ ಟಿಕ್‌ಟಿಕ್ ಹೋಯಿತು, ಆಮೇಲೆ ನಲ್ಲಿಯ ನೀರು, ಆಮೇಲೆ ಜನ. ಎದುರಿಗೆ ನಿಂತವರ ತುಟಿ ನೋಡಿ ಸಾಗಿಸಿದೆ. ಫೋನಿಗೆ ತುಟಿ ಇರುವುದಿಲ್ಲವಲ್ಲ, ಅದಕ್ಕೇ ಹೂಂ ಅಂದೆ. ನೀನು ಏನು ಹೇಳುತ್ತಿದ್ದೀಯೆಂದು ಗೊತ್ತಾಗದೆ, ಗೊತ್ತಾಗಲಿಲ್ಲ ಎಂದು ಹೇಳಲಾಗದೆ ಅಂದ ಹೂಂ ಅದು. ನೀನು ಸಿಟ್ಟೆಂದು ತಿಳಿದೆ. ಸಿಟ್ಟೇ ಇರಲಿ, ಕಿವುಡಿಗಿಂತ ಮರ್ಯಾದೆ ಎಂದು ನಾನೂ ಸುಮ್ಮನಾದೆ. ಕೇಳಿಸದ ನರ್ಸನ್ನು ಯಾರು ಇಟ್ಟುಕೊಳ್ಳುತ್ತಾರೆ?

ಆದರೆ ನನ್ನ ಭಯ ಕೆಲಸದ್ದಲ್ಲ. ಆ ದಿನ ಬಿದ್ದು ಎದ್ದು ಮೇಲೆ ಹೋದೆನಲ್ಲ, ಕಲ್ಲು ಒಡೆಯುವವನ ಹೆಂಡತಿಯ ಹೊಟ್ಟೆಗೆ ಕೊಳವೆ ಇಟ್ಟೆ. ಏನೂ ಕೇಳಿಸಲಿಲ್ಲ. ಮೊದಲೆಲ್ಲ ಎಡಗಿವಿಯಲ್ಲಿ ಅಷ್ಟಿಷ್ಟಾದರೂ ಸಿಗುತ್ತಿತ್ತು. ಈ ಸಲ ಎಲ್ಲಿ ಇಟ್ಟರೂ ಬರೀ ಮರ. ಮಗುವಿನ ಎದೆ ನಿಂತಿದೆಯೋ ನನ್ನ ಕಿವಿ ನಿಂತಿದೆಯೋ ನನಗೆ ಗೊತ್ತಾಗಲಿಲ್ಲ. ಅಂಗೈ ಇಟ್ಟೆ, ಅದು ಮಲಗಿದ್ದ ಹೊತ್ತೋ ಏನೋ, ಕದಲಲಿಲ್ಲ. "ಒದೀತಿದೆಯಾ?" ಎಂದು ಕೇಳಿದೆ. ಅವಳು ಬಾಯಿಗೆ ಕಟ್ಟಿದ ಬಟ್ಟೆಯ ಹಿಂದಿನಿಂದ ಏನೋ ಹೇಳಿದಳು. ಏನು ಹೇಳಿದಳೋ ನನಗೆ ಗೊತ್ತಿಲ್ಲ. ನಾನು ಹೂಂ ಅಂದೆ. "ಎಲ್ಲಾ ಚೆನ್ನಾಗಿದೆ" ಎಂದು ಹೇಳಿ ಇಳಿದು ಬಂದೆ.

ವಾರವಾಯಿತು. ಕಣ್ಣು ಮುಚ್ಚಿದರೆ ಆ ಬಟ್ಟೆ ಕಟ್ಟಿದ ಮುಖ ಬರುತ್ತದೆ.

ತಿರುಪು ಸಡಿಲಿಸಿದ್ದೇನೆ. ನಾಣ್ಯ ಸರಿಯಾಗಿ ತೂರುತ್ತದೆ. ನಾಳೆ ಬೆಳಿಗ್ಗೆ ಮೇಲೆ ಹೋಗುತ್ತೇನೆ. ಹೇಗಾದರೂ ಅವಳನ್ನು ಕೆಳಗೆ ಕರೆತಂದು ದೊಡ್ಡಾಸ್ಪತ್ರೆಗೆ ಸೇರಿಸಿ ನಿಜ ಹೇಳಿಬಿಡುತ್ತೇನೆ. ಪ್ಲೇಟು ಸುಟ್ಟ ಗಾಡಿ ಅಲ್ಲಿಯವರೆಗೆ ಹತ್ತುತ್ತದೋ ಇಲ್ಲವೋ ಗೊತ್ತಿಲ್ಲ. ಹಿಂದೆ ಲಾರಿ ಬಂದರೂ ಗೊತ್ತಾಗುವುದಿಲ್ಲ. ಆದರೂ ಹೋಗದಿರಲು ಆಗುವುದಿಲ್ಲ.

ಎಣ್ಣೆ ಕೈಯಲ್ಲೇ ಬಾ. ಹೊಸಿಲನ್ನು ಒರೆಸಿಕೊಳ್ಳಬಹುದು.

ಅಮ್ಮ


ಮಾರ್ಚ್ ೨೦

ಅಮ್ಮ,

ನಾಳೆ ಬೆಳಿಗ್ಗೆ ಎಂದು ನೀನು ಬರೆದ ಬೆಳಿಗ್ಗೆ ಮುಗಿದುಹೋಗಿದೆ. ನೀನು ಹತ್ತಿಯಾಗಿದೆ, ಇಲ್ಲವೆಂದರೆ ಬಿದ್ದಾಗಿದೆ. ನನಗೆ ಈಗ ತಿಳಿಯುತ್ತಿದೆ. ಆಸ್ಪತ್ರೆಗೆ ಫೋನ್ ಮಾಡಿದೆ, ಯಾರೂ ಎತ್ತುತ್ತಿಲ್ಲ. ಇನ್ನೊಮ್ಮೆ ಮಾಡಿದೆ, ಎತ್ತಿದವರು ಯಾರೋ "ನರ್ಸಮ್ಮ ಬಂದಿಲ್ಲ" ಎಂದು ಇಟ್ಟುಬಿಟ್ಟರು. ಬಂದಿಲ್ಲ ಎಂದರೆ ಏನು ಅರ್ಥ?

ಮೇಸ್ತ್ರಿ ಪ್ಲೇಟು, ಸ್ಪ್ರಿಂಗು, ಆಯಿಲ್ ಎಲ್ಲ ಕಟ್ಟಿಕೊಟ್ಟಿದ್ದಾರೆ. ಸಂಜೆಯ ಬಸ್ಸಿಗೆ ಹೊರಟಿದ್ದೇನೆ. ಈ ಕಾಗದಕ್ಕಿಂತ ಮೊದಲು ನಾನೇ ಬಂದಿರುತ್ತೇನೆ. ಆದರೂ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ, ಬರೆಯದೆ ಇದ್ದರೆ ಮತ್ತೆ ಮತ್ತೆ ಎದ್ದು ಬಸ್ಸು ಬಂತಾ ಎಂದು ನೋಡುತ್ತೇನೆ.

ಈ ಕಾಗದ ಒಡೆದು ಓದಲು ನೀನು ಇರು. ಅಷ್ಟು ಸಾಕು.

ಪುಟ್ಟಿ


ಏಪ್ರಿಲ್ ೬

ಅಮ್ಮ,

ಕ್ಷೇಮವಾಗಿ ಬಂದು ಸೇರಿದೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ನನ್ನ ಕೈ ನೋಡಿ ಮೂಗು ಮುಚ್ಚಿಕೊಂಡಳು. ನಿನ್ನ ಅಕ್ಕ ಇರಬೇಕು.

ಹೊಸ ಪ್ಲೇಟು ಒಂದಿಷ್ಟು ದಿನ ಹೊಂದಿಕೊಳ್ಳಬೇಕು, ಗಾಡಿಯನ್ನು ರೇಗಿಸಬೇಡ. ಹಳೆಯವನ್ನು ಮೇಸ್ತ್ರಿಗೆ ತೋರಿಸಿದೆ. ಸುಟ್ಟು ನೀಲಿಯಾಗಿರುವುದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದ್ರಲ್ಲಿ ಆ ಏರು ಹತ್ತಿದ್ರಾ ನಿಮ್ಮಮ್ಮ?" ಎಂದರು. ಬೇರೆ ಯಾರೋ ಆಗಿದ್ದರೆ ಸುಳ್ಳು ಎನ್ನುತ್ತಿದ್ದರಂತೆ.

ಎರಡು ವಾರ ಅಲ್ಲಿದ್ದೆ. ಎಂಜಿನ್ ಬಿಚ್ಚಿದೆವು, ಪ್ಲೇಟುಗಳನ್ನು ಆಯಿಲ್‌ನಲ್ಲಿ ನೆನೆಸಿದೆವು, ಸ್ಪ್ರಿಂಗಿನ ಬೋಲ್ಟುಗಳನ್ನು ನೀನೇ ಬಿಗಿದೆ. ಗಾಯಕ್ಕೆ ಹೊಲಿಗೆ ಹಾಕುವವಳ ಕೈ, ನಾನು 'ಸಾಕು ಸಾಕು' ಅನ್ನುವಷ್ಟು ನಾಜೂಕಾಗಿ ಬಿಗಿದೆ. ಆದರೆ ಆ ಬೆಳಿಗ್ಗೆ ಏನಾಯಿತು ಎಂದು ಕೇಳಿದಾಗಲೆಲ್ಲ ಕಿವಿ ತೋರಿಸಿ ತಪ್ಪಿಸಿಕೊಂಡೆ. ಕಿವುಡು ನಿನಗೆ ಅನುಕೂಲಕ್ಕೂ ಬರುತ್ತದೆ. ಈಗ ಬರೆದು ಕೇಳುತ್ತಿದ್ದೇನೆ, ತಪ್ಪಿಸಿಕೊಳ್ಳಲಾರೆ. ನೀನು ಬದುಕಿದ್ದೀಯೆಂದು ಕಣ್ಣಾರೆ ಕಂಡ ಮೇಲೂ ನಡುರಾತ್ರಿ ಎಚ್ಚರವಾಗಿ ಲಾರಿ ನೆನಪಾಗುತ್ತದೆ. ಪೂರ್ತಿ ಗೊತ್ತಾದರೆ ಆ ಭಯ ಹೋಗಬಹುದು.

ಪುಟ್ಟಿ


ಏಪ್ರಿಲ್ ೧೫

ಪುಟ್ಟಿ,

ಕೇಳಿದ್ದಕ್ಕೆ ಹೇಳುತ್ತೇನೆ. ಎದುರಿಗಿದ್ದಾಗ ಹೇಳಿದ್ದರೆ ನಿನ್ನ ಮುಖ ನೋಡಬೇಕಾಗುತ್ತಿತ್ತು, ಅದಕ್ಕೇ ಹೇಳಲಿಲ್ಲ.

ಆ ಬೆಳಿಗ್ಗೆ ಏರಿನ ಬುಡದಲ್ಲಿ ಗಾಡಿ ನಿಲ್ಲಿಸಿ ನಿಂತೆ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಪುಲಿಯಾದರೆ ಗರ್ಜಿಸುವುದಾದರೂ ಕೇಳಿಸೀತು ಎಂದುಕೊಂಡು ನಿಂತಿದ್ದೆ. ಅಷ್ಟರಲ್ಲಿ ಕೆಳಗಿನಿಂದ ಅದೇ ಲಾರಿ ಬಂತು. ಕೈ ಅಡ್ಡ ಹಿಡಿದೆ. ಡ್ರೈವರ್ ಇಳಿದು ಬೈಯಲು ಬಾಯಿ ತೆರೆದ. ಅವನು ಶುರು ಮಾಡುವ ಮೊದಲೇ ನಾನೇ ಹೇಳಿದೆ: "ನಂಗೆ ಕಿವಿ ಕೇಳ್ಸಲ್ಲಪ್ಪ. ಹಾರನ್ ಹಾಕಿದ್ರೂ ಒಂದೇ, ಬಿಟ್ರೂ ಒಂದೇ. ಗಾಡಿನೂ ಸರಿ ಇಲ್ಲ. ಮೇಲೆ ಒಬ್ಬಳು ಬಸುರಿ ಇದಾಳೆ." ಬಾಯಿಬಿಟ್ಟು ಇದನ್ನು ಹೇಳಿದ ಮೊದಲ ಮನುಷ್ಯ ಅವನು. ಹೆತ್ತ ಮಗಳಿಗೆ ಬರೆದಿದ್ದೆ, ಹೇಳಿರಲಿಲ್ಲ. ಅವನು ತೆರೆದ ಬಾಯಿ ಮುಚ್ಚಿ, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದ: "ನೀವು ಮುಂದೆ ನಡೀರಿ. ನಾನು ಹಿಂದೆ ದೂರ ಇರ್ತೀನಿ. ಯಾರನ್ನೂ ದಾಟೋಕೆ ಬಿಡಲ್ಲ."

ಮೊದಲ ಗೇರಿನಲ್ಲಿ ಹತ್ತಿದೆ. ಎಡಗೈ ಬೆರಳುಗಳನ್ನು ಕ್ಲಚ್ ಹಿಡಿಯಿಂದ ತೆಗೆದು ಹ್ಯಾಂಡಲ್ಲಿನ ಸುತ್ತ ಮುಷ್ಟಿ ಮಾಡಿಕೊಂಡೆ. ಅದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ. ನಡುನಡುವೆ ಜಾರಿತು, ಸುಟ್ಟ ವಾಸನೆ ಬಂತು, ಆದರೆ ನಿಲ್ಲಲಿಲ್ಲ. ಹಿಂದಿರುಗಿ ನೋಡಲಿಲ್ಲ. ಏನೂ ಕೇಳಿಸದೆ, ಏನೂ ನೋಡದೆ, ಹಿಂದೆ ಒಬ್ಬನಿದ್ದಾನೆ ಎಂದು ನಂಬಿಕೊಂಡು ಹತ್ತಿದೆ. ಭಯ ಹೋಯಿತು ಎಂದು ಬರೆಯಲಾರೆ. ಅದೂ ನನ್ನ ಜೊತೆಗೇ ಹತ್ತಿತು.

ಲಾರಿಯ ಕ್ಯಾಬಿನ್ನಿನಲ್ಲೇ ಅವಳನ್ನು ಕೆಳಗೆ ತಂದದ್ದು. ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ್ ಹೊಟ್ಟೆಗೆ ಕಿವಿಗೊಟ್ಟು ಕೂತಿದ್ದ ಹೊತ್ತು ನನಗೆ ಒಂದು ಆಯಸ್ಸು ಕಳೆದಂತಾಯಿತು. ಆಮೇಲೆ ಅವರು ಬೆರಳಿನಿಂದ ಮೇಜಿನ ಮೇಲೆ ನನಗೆ ಕಾಣುವ ಹಾಗೆ ಬಡಿದು ತೋರಿಸಿದರು. ಬಡಿತ ಇತ್ತು, ಸಣ್ಣದಾಗಿ. ಅಲ್ಲೇ ಇಟ್ಟುಕೊಂಡರು. ನೀನು ಬಂದ ರಾತ್ರಿ ನಾನು ಮನೆಯಲ್ಲಿ ಇಲ್ಲದೆ ನಿನ್ನ ಎದೆ ಒಡೆದದ್ದು ಅದಕ್ಕೇ, ಅವಳ ಹತ್ತಿರ ಇದ್ದೆ.

ಅಲ್ಲಿ ಧೂಳಿಲ್ಲ, ಅವಳು ಬಾಯಿಯ ಬಟ್ಟೆ ಬಿಚ್ಚಿದ್ದಳು. ಆವತ್ತು ನಾನು ಕೇಳಿದಾಗ ಏನು ಹೇಳಿದೆ ಎಂದು ಕೇಳಿದೆ. "ಮುಂಚಿನಷ್ಟು ಒದೀತಿಲ್ಲ, ಹೆದರಿಕೆ ಆಗ್ತಿದೆ ಅಕ್ಕ ಅಂದೆ. ನೀವು ಹೂಂ ಅಂದ್ರಿ. ಹಂಗಾದ್ರೆ ಹೆದರೋದೇನಿಲ್ಲ ಅಂದ್ಕೊಂಡೆ" ಎಂದಳು. ಅವಳಿಗೆ ನಿಜ ಹೇಳಿದೆ. ಬಹಳ ಹೊತ್ತು ಮುಖ ಆ ಕಡೆ ಮಾಡಿಕೊಂಡು ಮಲಗಿದ್ದಳು. ಆಮೇಲೆ ಈ ಕಡೆ ತಿರುಗಿ ನನ್ನ ಕೈ ಹಿಡಿದುಕೊಂಡಳು. ಕ್ಷಮಿಸಿದಳೋ, ಬೇರೆ ಯಾರೂ ಇಲ್ಲವೆಂದು ಹಿಡಿದಳೋ ನಾನು ಕೇಳಲಿಲ್ಲ.

ಮೊನ್ನೆ ಹೆತ್ತಳು. ಹೆಣ್ಣು. ಅಂಗೈ ಮೇಲೆ ಹಿಡಿಸುವಷ್ಟಿದೆ. ಬಾಯಿ ಮಾತ್ರ ದೊಡ್ಡದು, ಅದು ಅತ್ತಿದ್ದು ನನಗೂ ಒಂದು ಚೂರು ಕೇಳಿಸಿತು.

ಕಿವಿಯ ಡಾಕ್ಟರ್ ನೋಡಿದರು. ಒಳಗೆ ಒಂದು ಸಣ್ಣ ಮೂಳೆ ಇದೆಯಂತೆ, ಅದು ಸದಾ ಅಲುಗಾಡುತ್ತಿರಬೇಕಂತೆ. ನನ್ನದು ಬಿಗಿದು ಕೂತಿದೆ. ಆಟವೇ ಇಲ್ಲ. ನಾನು ನಕ್ಕುಬಿಟ್ಟೆ, ಅವರಿಗೆ ಯಾಕೆಂದು ಗೊತ್ತಾಗಲಿಲ್ಲ. ಆಪರೇಷನ್ ಮಾಡಿದರೆ ಸಡಿಲವಾಗಬಹುದು, ಆಗದೆಯೂ ಇರಬಹುದು, ಇರುವಷ್ಟೂ ಹೋಗಬಹುದು. ಮುಂದಿನ ತಿಂಗಳು ಎಂದಿದ್ದಾರೆ. ಅಲ್ಲಿಯವರೆಗೆ ನನ್ನ ಜೊತೆ ಕೇಳಿಸುವ ಇನ್ನೊಬ್ಬ ನರ್ಸ್ ಇರುತ್ತಾಳೆ. ಗಾಡಿ ನಾನು ಓಡಿಸುತ್ತೇನೆ, ಕೊಳವೆ ಅವಳು ಹಿಡಿಯುತ್ತಾಳೆ. ಆಪರೇಷನ್ ನೆನೆಸಿಕೊಂಡರೆ ಆ ಏರಿನ ಬುಡದಲ್ಲಿ ನಿಂತ ಹಾಗೇ ಆಗುತ್ತದೆ. ಆ ದಿನ ನೀನು ಇಲ್ಲಿರಬೇಕು.

ಅದಕ್ಕಿಂತ ಮೊದಲು, ಭಾನುವಾರ ಹತ್ತು ಗಂಟೆಗೆ ಆಸ್ಪತ್ರೆಗೆ ಫೋನ್ ಮಾಡು. ನಿನ್ನ ಮಾತು ನನಗೆ ಕೇಳಿಸುವುದಿಲ್ಲ, ಆದರೂ ಮಾಡು. ನಾನು ರಿಸೀವರನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು ಕೂರುತ್ತೇನೆ. ವರ್ಷದಿಂದ ಹೇಳದೆ ಉಳಿದದ್ದು ಬಹಳ ಇದೆ, ಎಲ್ಲ ಹೇಳುತ್ತೇನೆ. ನೀನು ಕೈಯಲ್ಲಿ ಸ್ಪ್ಯಾನರ್ ಇಟ್ಟುಕೊಂಡು ಕೇಳು. ಆಗಾಗ ಅದರಿಂದ ರಿಸೀವರ್ ಮೇಲೆ ಒಂದು ಸಲ ಕುಟ್ಟು, ಅದು ನನ್ನ ಮೂಳೆಗೆ ಮುಟ್ಟುತ್ತದೆ.

ಇನ್ನು ಮೇಲೆ ಹೂಂ ಅನ್ನುವ ಸರದಿ ನಿನ್ನದು.

ಅಮ್ಮ